ನೋವಿನ ಮಾತ್ರೆ ಮತ್ತು ನಮ್ಮ ತರಗತಿಗಳು



‘ಹದಿಹರೆಯ ಮತ್ತು ಮಾದಕ ವಸ್ತು’ ಎಂಬ ವಿಷಯವನ್ನು ಈ ಉಪನ್ಯಾಸದ ಸಂಘಟಕರು ನನಗೆ ಸೂಚಿಸಿದರು. ಅದು ತೀರ ದೊಡ್ಡ ವಿಷಯ. ಗಾಂಜಾ, ಮದ್ಯ, ಗುಟ್ಕಾ, ವೈಟ್ನರ್ ಎಲ್ಲವನ್ನೂ ಒಂದು ಗಂಟೆಯಲ್ಲಿ ಮುಟ್ಟಿ ಹೋದರೆ ಯಾವುದೂ ಮನಸ್ಸಿನಲ್ಲಿ ಉಳಿಯುವುದಿಲ್ಲ. ಹಾಗಾಗಿ ಓಪಿಯಾಯ್ಡ್‌ಗಳ ಬಗ್ಗೆ, ಅವುಗಳಿಂದ ಮಕ್ಕಳನ್ನು ದೂರವಿಡಲು ಶಾಲೆ ಏನು ಮಾಡಬಲ್ಲದು ಎಂಬುದರ ಬಗ್ಗೆ ಮಾತ್ರ ಮಾತನಾಡುತ್ತೇನೆ.

ಓಪಿಯಾಯ್ಡ್ ಎಂದರೆ ಅಫೀಮಿನ ಬಳಗ. ಗಸಗಸೆ ಕಾಯಿಯ ಹಾಲಿನಿಂದ ಬರುವ ಮಾರ್ಫಿನ್ ಮತ್ತು ಕೊಡೀನ್, ಮಾರ್ಫಿನ್‌ನಿಂದ ತಯಾರಾಗುವ ಹೆರಾಯಿನ್, ಕಾರ್ಖಾನೆಯಲ್ಲೇ ಹುಟ್ಟುವ ಟ್ರಮಡಾಲ್, ಟ್ಯಾಪೆಂಟಡಾಲ್, ಫೆಂಟನಿಲ್ ಎಲ್ಲವೂ ಈ ಬಳಗದವು. ಹೆರಾಯಿನ್ ಒಂದನ್ನು ಬಿಟ್ಟರೆ ಇಲ್ಲಿ ಹೆಸರಿಸಿದವೆಲ್ಲ ಇಂದಿಗೂ ನಮ್ಮಲ್ಲಿ ವೈದ್ಯರು ಬರೆದುಕೊಡುವ ಔಷಧಗಳು. ನನ್ನನ್ನು ಕಾಡುವುದೂ ಇದೇ. ಮಾದಕ ವಸ್ತು ಎಂದಕೂಡಲೇ ನಮ್ಮ ಕಣ್ಣ ಮುಂದೆ ಬರುವವನು ಶಾಲೆಯ ಗೇಟಿನ ಹೊರಗೆ ಪೊಟ್ಟಣ ಹಿಡಿದು ನಿಂತ ಅಪರಿಚಿತ. ಈ ಮಾತ್ರೆ ಬರುವ ದಾರಿಯೇ ಬೇರೆ. ಅಜ್ಜನ ಸೊಂಟದ ಆಪರೇಷನ್ ಆದಮೇಲೆ ಉಳಿದ ಅರ್ಧ ಪಟ್ಟಿ ಅಲಮಾರಿನಲ್ಲಿ ಇರುತ್ತದೆ. ಚೀಟಿ ಕೇಳದೆ ಕೊಡುವ ಮೆಡಿಕಲ್ ಶಾಪ್ ಬೀದಿಯ ತುದಿಯಲ್ಲಿರುತ್ತದೆ. ತಂದುಕೊಡುವವನು ಜೊತೆಗೆ ಆಡಿ ಬೆಳೆದ ಗೆಳೆಯನಾಗಿರುತ್ತಾನೆ.

ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. ಅದರ ಪ್ರಕಾರ 10ರಿಂದ 17 ವರ್ಷದ ಮಕ್ಕಳಲ್ಲಿ ಶೇ. 1.8ರಷ್ಟು ಮಂದಿ ಓಪಿಯಾಯ್ಡ್ ಬಳಸುತ್ತಿದ್ದರು. ಅಂದರೆ ದೇಶದಲ್ಲಿ ಸುಮಾರು 40 ಲಕ್ಷ ಮಕ್ಕಳು. ಅದೇ ವಯಸ್ಸಿನಲ್ಲಿ ಮದ್ಯ ಮುಟ್ಟಿದವರು ಶೇ. 1.3. ಮಕ್ಕಳ ಕೈಗೆ ಸಾರಾಯಿ ಸಿಕ್ಕೀತು ಎಂದು ನಾವು ಕಾವಲು ಕೂತಿದ್ದೇವೆ. ಅದಕ್ಕಿಂತ ಹೆಚ್ಚು ಮಕ್ಕಳ ಕೈಗೆ ಸಿಕ್ಕಿರುವುದು ಅಫೀಮಿನ ಬಳಗ.

ಶಾಲೆಯಲ್ಲಿ ಪಾಠ ಮಾಡಿ ಇದನ್ನು ತಡೆಯಬಹುದೇ? ಈ ಪ್ರಶ್ನೆಗೆ ಅತಿ ಹೆಚ್ಚು ಹಣ ಸುರಿದು, ಅತಿ ಹೆಚ್ಚು ಕಾಲ ಉತ್ತರ ಹುಡುಕಿದ ದೇಶ ಅಮೆರಿಕ. ಅಲ್ಲಿನ ಸೋಲುಗಳನ್ನೂ ಗೆಲುವುಗಳನ್ನೂ ಅಲ್ಲಿಯವರೇ ಅಳೆದು, ಅಡಗಿಸದೆ ಪ್ರಕಟಿಸಿದ್ದಾರೆ. ಆ ಪ್ರಾಮಾಣಿಕತೆಗೆ ನಾನು ಋಣಿ.

1983ರಲ್ಲಿ ಲಾಸ್ ಏಂಜಲೀಸ್‌ನ ಪೊಲೀಸ್ ಮುಖ್ಯಸ್ಥ ಡ್ಯಾರಿಲ್ ಗೇಟ್ಸ್, ಊರಿನ ಶಿಕ್ಷಣ ಇಲಾಖೆಯ ಜೊತೆ ಸೇರಿ ‘ಡೇರ್’ ಎಂಬ ಕಾರ್ಯಕ್ರಮ ಶುರುಮಾಡಿದರು. ಸಮವಸ್ತ್ರದ ಪೊಲೀಸ್ ಅಧಿಕಾರಿ ಐದನೆಯ ಅಥವಾ ಆರನೆಯ ತರಗತಿಗೆ ಬಂದು ವಾರಕ್ಕೊಂದರಂತೆ 17 ಪಾಠ ಮಾಡುತ್ತಿದ್ದರು. ಕೊನೆಗೆ ಮಕ್ಕಳು ಪ್ರತಿಜ್ಞೆ ತೆಗೆದುಕೊಳ್ಳುತ್ತಿದ್ದರು. ಪ್ರಮಾಣಪತ್ರ, ಟೀ ಶರ್ಟ್ ಸಿಗುತ್ತಿತ್ತು. ‘ಬೇಡ ಎಂದುಬಿಡಿ’ ಎಂಬ, ಅಂದಿನ ಅಧ್ಯಕ್ಷರ ಪತ್ನಿ ನ್ಯಾನ್ಸಿ ರೇಗನ್ ಅವರ ಘೋಷಣೆ ದೇಶದ ತುಂಬ ಮೊಳಗುತ್ತಿದ್ದ ಕಾಲ ಅದು. ಕೆಲವೇ ವರ್ಷಗಳಲ್ಲಿ ಡೇರ್ ಅಮೆರಿಕದ ಬಹುಪಾಲು ಶಾಲೆಗಳನ್ನು ತಲುಪಿತು. ತಂದೆತಾಯಿಗೆ ಸಮಾಧಾನ, ಪೊಲೀಸರಿಗೆ ಒಳ್ಳೆಯ ಹೆಸರು, ರಾಜಕಾರಣಿಗಳಿಗೆ ಹೇಳಿಕೊಳ್ಳಲು ಒಂದು ಕೆಲಸ.

ಮಕ್ಕಳಿಗೆ ಏನು ಸಿಕ್ಕಿತು? ಕೆಂಟಕಿ ರಾಜ್ಯದಲ್ಲಿ ಆರನೆಯ ತರಗತಿಯಲ್ಲಿ ಡೇರ್ ಕಲಿತವರನ್ನು 20ರ ವಯಸ್ಸಿನವರೆಗೆ ಹಿಂಬಾಲಿಸಿ 1999ರಲ್ಲಿ ಅಧ್ಯಯನವೊಂದು ಪ್ರಕಟವಾಯಿತು. ಡೇರ್ ಕಲಿತವರಿಗೂ ಕಲಿಯದವರಿಗೂ ಮಾದಕ ವಸ್ತುಗಳ ಬಳಕೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. 2003ರಲ್ಲಿ ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ದೀರ್ಘಕಾಲದ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿ ಅದನ್ನೇ ಹೇಳಿತು. ಇಪ್ಪತ್ತು ವರ್ಷ, ಲಕ್ಷಾಂತರ ತರಗತಿ, ಫಲ ಮಾತ್ರ ಶೂನ್ಯ.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಏಕೆಂದರೆ ಆ ಸೋಲಿನ ಕಾರಣಗಳು ನಮ್ಮ ಶಾಲೆಗಳಲ್ಲೂ ಇವೆ. ಹತ್ತು ಹನ್ನೊಂದು ವರ್ಷದ ಮಗುವಿಗೆ ಡ್ರಗ್ಸ್ ಕೆಟ್ಟದ್ದು ಎಂದು ಒಪ್ಪಿಸುವ ಅಗತ್ಯವೇ ಇಲ್ಲ, ಅದು ಆಗಲೇ ಒಪ್ಪಿರುತ್ತದೆ. ಪ್ರಶ್ನೆ ಬರುವುದು ಹದಿನಾಲ್ಕು ಹದಿನೈದಕ್ಕೆ. ಅಷ್ಟರಲ್ಲಿ ಪ್ರತಿಜ್ಞೆ ಮರೆತುಹೋಗಿರುತ್ತದೆ. ಎರಡನೆಯದು, ಉತ್ಪ್ರೇಕ್ಷೆ. ಎಲ್ಲ ಪದಾರ್ಥಗಳನ್ನೂ ಒಂದೇ ಉಸಿರಿನಲ್ಲಿ ಸಾವು ಎಂದು ಹೇಳಿದರೆ, ಗಾಂಜಾ ಸೇದಿಯೂ ಪರೀಕ್ಷೆಯಲ್ಲಿ ಪಾಸಾದ ಒಬ್ಬ ಅಣ್ಣನನ್ನು ನೋಡಿದ ಹುಡುಗ ನಮ್ಮ ಮಾತನ್ನೆಲ್ಲ ಸುಳ್ಳಿನ ಲೆಕ್ಕಕ್ಕೆ ಹಾಕುತ್ತಾನೆ. ಆಮೇಲೆ ಮಾತ್ರೆಯ ಬಗ್ಗೆ ನಾವು ಹೇಳುವ ನಿಜವನ್ನೂ ಅವನು ನಂಬುವುದಿಲ್ಲ. ಮೂರನೆಯದು, ಹೇಳುವವರು ಯಾರು ಎಂಬುದು. ಹದಿಮೂರು ದಾಟಿದ ಮಕ್ಕಳು ಮನಸ್ಸು ಬಿಚ್ಚಿ ಮಾತನಾಡುವುದು ದಿನವೂ ನೋಡುವ ಮುಖದ ಜೊತೆ. ಸಮವಸ್ತ್ರದ ಎದುರು ಅವರು ಕೈಕಟ್ಟಿ ಕೂರುತ್ತಾರೆ ಅಷ್ಟೆ.

ಮಾದಕ ವಸ್ತು ವಿರೋಧಿ ದಿನವಾದ ಜೂನ್ 26ರಂದು ನಮ್ಮಲ್ಲಿ ಏನಾಗುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಜಾಥಾ, ಫಲಕ, ಘೋಷಣೆ, ಪ್ರಬಂಧ ಸ್ಪರ್ಧೆ, ಠಾಣೆಯಿಂದ ಬಂದ ಅಧಿಕಾರಿಯ ಭಾಷಣ, ಸಾಮೂಹಿಕ ಪ್ರತಿಜ್ಞೆ, ಫೋಟೊ, ಮೇಲಿನವರಿಗೆ ವರದಿ. ಇದನ್ನು ಮಾಡುವ ಶಿಕ್ಷಕರ ಶ್ರದ್ಧೆಯ ಬಗ್ಗೆ ನನಗೆ ಸಂದೇಹವಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತ ನಾನೂ ಆ ಜಾಥಾದ ಮುಂದೆ ನಡೆದವನು. ಆದರೆ ಜೂನ್ 27ರಂದು ಕಪ್ಪುಹಲಗೆಯ ಮೇಲೆ ಎಂದಿನ ಪಾಠ. ಮುಂದಿನ ಜೂನ್‌ವರೆಗೆ ಆ ಮಾತು ಮತ್ತೆ ಬರುವುದಿಲ್ಲ.

ಹಾಗಾದರೆ ಫಲ ಕೊಟ್ಟ ಪಾಠ ಹೇಗಿತ್ತು? ಕಾರ್ನೆಲ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನ ಗಿಲ್ಬರ್ಟ್ ಬಾಟ್ವಿನ್ ಬೇರೆ ದಾರಿ ಹಿಡಿದರು. ಮಾಧ್ಯಮಿಕ ತರಗತಿಗಳಿಗೆ ಮೊದಲ ವರ್ಷ 15 ಪಾಠ, ಎರಡನೆಯ ವರ್ಷ 10, ಮೂರನೆಯ ವರ್ಷ 5. ಅದರಲ್ಲಿ ಪದಾರ್ಥಗಳ ಬಗ್ಗೆ ಮಾತು ಕಡಿಮೆ. ಸಿಟ್ಟು ಬಂದಾಗ ಏನು ಮಾಡುವುದು, ಪರೀಕ್ಷೆಯ ಹೆದರಿಕೆಯನ್ನು ಹೇಗೆ ಇಳಿಸಿಕೊಳ್ಳುವುದು, ನಿರ್ಧಾರ ಮಾಡುವಾಗ ಯಾವುದರ ಹಿಂದೆ ಯಾವುದನ್ನು ಯೋಚಿಸುವುದು, ಜಾಹೀರಾತು ನಮ್ಮನ್ನು ಹೇಗೆ ಎಳೆಯುತ್ತದೆ, ಸ್ನೇಹ ಕೆಡದಂತೆ ಬೇಡ ಎನ್ನುವುದು ಹೇಗೆ ಎಂಬುದೇ ಹೆಚ್ಚು. ನ್ಯೂಯಾರ್ಕ್ ರಾಜ್ಯದ 56 ಶಾಲೆಗಳಲ್ಲಿ ಆರು ವರ್ಷ ಅಳೆದು 1995ರಲ್ಲಿ ಫಲಿತಾಂಶ ಪ್ರಕಟಿಸಿದರು. ತಂಬಾಕು, ಮದ್ಯ, ಗಾಂಜಾ ಮೂರರ ಬಳಕೆಯೂ ತಗ್ಗಿತ್ತು. ಪಾಠಗಳ ಬಹುಭಾಗ ನಿಜವಾಗಿ ನಡೆದ ತರಗತಿಗಳಲ್ಲಿ ಫಲ ಹೆಚ್ಚು. ಅರ್ಧಂಬರ್ಧ ಮಾಡಿದರೆ ಅದೂ ಒಂದು ಜಾಥಾ ಆಗಿಬಿಡುತ್ತದೆ.

ಆ ಪಾಠಗಳಲ್ಲಿ ನನಗೆ ಬಹಳ ಮುಖ್ಯ ಎನಿಸಿದ್ದು ಎರಡು. ಒಂದು, ನಿಜದ ಅಂಕಿ ತೋರಿಸುವುದು. ನಿಮ್ಮ ಓರಗೆಯವರಲ್ಲಿ ಎಷ್ಟು ಜನ ಮಾದಕ ವಸ್ತು ಬಳಸುತ್ತಾರೆ ಎಂದು ಮಕ್ಕಳನ್ನು ಕೇಳಿದರೆ, ನಿಜಕ್ಕಿಂತ ಬಹಳ ಹೆಚ್ಚು ಹೇಳುತ್ತಾರೆ. ಎಲ್ಲರೂ ಮಾಡುತ್ತಾರೆ, ನಾನೊಬ್ಬನೇ ಹಿಂದುಳಿದಿದ್ದೇನೆ ಎಂಬ ಭಾವನೆಯೇ ಅರ್ಧ ದಾರಿ ನೂಕಿಕೊಂಡು ಹೋಗುತ್ತದೆ. ನಿಜವಾದ ಅಂಕಿಯನ್ನು ಹಲಗೆಯ ಮೇಲೆ ಬರೆದು ತೋರಿಸಿದಾಗ ಆ ನೂಕು ನಿಲ್ಲುತ್ತದೆ. ನಮ್ಮ ಭಾಷಣಗಳು ಮಾಡುವುದು ಇದಕ್ಕೆ ತದ್ವಿರುದ್ಧ. ಯುವಜನಾಂಗವೇ ಹಾಳಾಗಿಹೋಗಿದೆ ಎಂದು ವೇದಿಕೆಯಿಂದ ಹೇಳಿದರೆ, ಕೆಳಗೆ ಕೂತ ಹುಡುಗನಿಗೆ ಕೇಳಿಸುವುದು ಎಲ್ಲರೂ ಮಾಡುತ್ತಿದ್ದಾರೆ ಎಂದೇ.

ಇನ್ನೊಂದು, ಅಭಿನಯಿಸಿ ಕಲಿಯುವುದು. ಒಂಬತ್ತನೆಯ ತರಗತಿಯಲ್ಲಿ ನಾನು ಇದನ್ನು ಮಾಡಿಸಿದ್ದೇನೆ. ಇಬ್ಬರು ಹುಡುಗರು ಎದ್ದು ಮುಂದೆ ಬರುತ್ತಾರೆ. ಕಬಡ್ಡಿ ಆಡಿ ಮಂಡಿ ನೋಯುತ್ತಿದೆ ಎಂದು ಒಬ್ಬ. ‘ಲೋ, ಇದನ್ನ ನುಂಗು, ನಮ್ಮಣ್ಣ ದಿನಾ ತಗೊಳ್ತಾನೆ, ನೋವೂ ಹೋಗತ್ತೆ, ಆರಾಮಾಗೂ ಇರತ್ತೆ’ ಎಂದು ಇನ್ನೊಬ್ಬ. ಮೊದಲ ಸಲ ತರಗತಿಯೆಲ್ಲ ನಗುತ್ತದೆ. ಮಾತ್ರೆ ಬೇಡ ಎನ್ನಬೇಕಾದವನು ನೆಲ ನೋಡುತ್ತ ‘ಬೇಡ ಸರ್’ ಎಂದು ನನಗೆ ಹೇಳುತ್ತಾನೆ, ಗೆಳೆಯನಿಗಲ್ಲ. ಮತ್ತೆ ಮಾಡಿಸಿದಾಗ ‘ಯಾಕೋ, ಹೆದರ್ತೀಯಾ?’ ಎಂಬ ಚುಚ್ಚುಮಾತು ಬರುತ್ತದೆ, ಹುಡುಗ ಸುಮ್ಮನಾಗುತ್ತಾನೆ. ಆಗ ಹಿಂದಿನ ಬೆಂಚಿನ ಹುಡುಗಿ, ‘ಡಾಕ್ಟ್ರು ಕೊಟ್ಟಿದ್ದು ನಿಮ್ಮಣ್ಣಂಗೆ, ನಂಗಲ್ಲ ಕಣೋ ಅನ್ನು’ ಎಂದು ಹೇಳಿಕೊಡುತ್ತಾಳೆ. ಹುಡುಗ ಅದನ್ನು ತನ್ನ ಮಾತಿಗೆ ಇಳಿಸಿಕೊಂಡು, ಗೆಳೆಯನ ಹೆಗಲ ಮೇಲೆ ಕೈಯಿಟ್ಟು ಹೇಳಿ, ‘ಬಾ, ಐಸ್ ಇಡೋಣ’ ಎಂದು ಕರೆದುಕೊಂಡು ಹೋಗುತ್ತಾನೆ. ತಾಳಮದ್ದಳೆಯ ಅರ್ಥಧಾರಿ ಎದುರಾಳಿಯ ಪ್ರಶ್ನೆಗೆ ಆ ಕ್ಷಣಕ್ಕೆ ಮಾತು ಹುಟ್ಟಿಸುತ್ತಾನಲ್ಲ, ಅದರ ಹಿಂದೆ ಎಷ್ಟೋ ವರ್ಷ ಕೂಟದಲ್ಲಿ ಕೂತ ಅಭ್ಯಾಸವಿರುತ್ತದೆ. ಇದೂ ಹಾಗೆಯೇ ಬರಬೇಕು. ಭಾಷಣ ಕೇಳಿದ ಮಾತ್ರಕ್ಕೆ ಹದಿನೈದರ ಹುಡುಗನ ಬಾಯಲ್ಲಿ ಆ ಮಾತು ಹುಟ್ಟುವುದಿಲ್ಲ.

ಬಾಟ್ವಿನ್ ಅವರ ಪಾಠಗಳು ನೋವಿನ ಮಾತ್ರೆಯನ್ನು ಗುರಿಯಾಗಿಟ್ಟು ರೂಪಿಸಿದವಲ್ಲ. ಆದರೆ 1996ರಲ್ಲಿ ಆಕ್ಸಿಕಾಂಟಿನ್ ಎಂಬ ಓಪಿಯಾಯ್ಡ್ ಮಾತ್ರೆ ಮಾರುಕಟ್ಟೆಗೆ ಬಂದಮೇಲೆ ಅಮೆರಿಕದ ಮನೆಮನೆಯ ಔಷಧ ಪೆಟ್ಟಿಗೆಗಳಲ್ಲಿ ಓಪಿಯಾಯ್ಡ್ ತುಂಬಿತು. 2012ರ ಒಂದೇ ವರ್ಷ ಅಲ್ಲಿನ ವೈದ್ಯರು 25 ಕೋಟಿಗೂ ಹೆಚ್ಚು ಚೀಟಿ ಬರೆದರು. ಬುದ್ಧಿಹಲ್ಲು ಕೀಳಿಸಿಕೊಂಡ ಹುಡುಗರಿಗೂ ಅದೇ ಮಾತ್ರೆ. ಆ ಕಾಲದಲ್ಲೇ ಅಯೋವ ಮತ್ತು ಪೆನ್ಸಿಲ್ವೇನಿಯಾದ 28 ಸಣ್ಣ ಊರುಗಳಲ್ಲಿ ‘ಪ್ರಾಸ್ಪರ್’ ಎಂಬ ಪ್ರಯೋಗ ನಡೆಯಿತು. ಅವುಗಳಲ್ಲಿ ಅರ್ಧದಷ್ಟು ಊರುಗಳಲ್ಲಿ ಶಾಲೆಯಲ್ಲಿ ಬಾಟ್ವಿನ್ ಬಗೆಯ ಪಾಠ, ಜೊತೆಗೆ ಸಂಜೆಯ ಹೊತ್ತು ಏಳು ವಾರ ಕುಟುಂಬಗಳ ಕೂಟ. ಮೊದಲ ಗಂಟೆ ತಂದೆತಾಯಿ ಒಂದು ಕೋಣೆಯಲ್ಲಿ, ಮಕ್ಕಳು ಇನ್ನೊಂದರಲ್ಲಿ. ಎರಡನೆಯ ಗಂಟೆ ಎಲ್ಲರೂ ಒಟ್ಟಿಗೆ. ಹೈಸ್ಕೂಲ್ ಮುಗಿಯುವ ಹೊತ್ತಿಗೆ ಆ ಊರುಗಳ ಮಕ್ಕಳಲ್ಲಿ ನೋವಿನ ಮಾತ್ರೆಯ ದುರ್ಬಳಕೆ ಉಳಿದ ಊರುಗಳಿಗಿಂತ ಕಡಿಮೆಯಿತ್ತು. ಶಾಲೆಯ ಪಾಠ, ಮನೆಯ ಕೂಟ ಎರಡೂ ಸೇರಿದಾಗ ಫಲ ಹೆಚ್ಚು. ಮಾತ್ರೆಯ ಹೆಸರು ಹಿಡಿದು ಹೆದರಿಸದೆಯೇ ಮಾತ್ರೆಯಿಂದ ಕಾಪಾಡಬಹುದು ಎಂದು ನನಗೆ ತೋರಿಸಿಕೊಟ್ಟದ್ದು ಈ ಪ್ರಯೋಗ.

ಆಮೇಲೆ ಫೆಂಟನಿಲ್ ಬಂತು. 14ರಿಂದ 18 ವರ್ಷದ ಅಮೆರಿಕದ ಮಕ್ಕಳಲ್ಲಿ ಮಾದಕ ವಸ್ತು ಮಿತಿಮೀರಿ ಸತ್ತವರು 2019ರಲ್ಲಿ 492. 2020ರಲ್ಲಿ 954. ವಿಚಿತ್ರವೆಂದರೆ ಈ ಅವಧಿಯಲ್ಲಿ ಬಳಸುವ ಮಕ್ಕಳ ಸಂಖ್ಯೆ ಏರಿರಲಿಲ್ಲ. ಏರಿದ್ದು ವಿಷ. ಆಕ್ಸಿಕೋಡೋನ್ ಎಂಬ ನೋವಿನ ಮಾತ್ರೆಯ ಹಾಗೆಯೇ ನೀಲಿ ಬಣ್ಣ, ಅದೇ ಅಚ್ಚು, ಒಳಗೆ ಫೆಂಟನಿಲ್. ಮೊಬೈಲಿನ ಆ್ಯಪ್‌ನಲ್ಲಿ ಕೊಳ್ಳುವ ನಕಲಿ ಮಾತ್ರೆ. 2 ಮಿಲಿಗ್ರಾಂ ಸಾಕು ಪ್ರಾಣ ಹೋಗಲು. ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ನ ಶಾಲೆಗಳಲ್ಲಿ ನಮ್ಮ ಕನ್ನಡ ಮನೆಗಳ ಮಕ್ಕಳೂ ಓದುತ್ತಿದ್ದಾರೆ, ಅವರ ಅಜ್ಜ ಅಜ್ಜಿಯರು ಈ ಸಭೆಯಲ್ಲೂ ಇರಬಹುದು. ಅಲ್ಲಿನ ರೋಗ ನಿಯಂತ್ರಣ ಕೇಂದ್ರ 2019ರ ಮಧ್ಯದಿಂದ 2021ರ ಕೊನೆಯವರೆಗೆ ಮಾದಕ ವಸ್ತು ಮಿತಿಮೀರಿ ಸತ್ತ 10ರಿಂದ 19 ವರ್ಷದವರ ಪ್ರಕರಣಗಳನ್ನು ಪರಿಶೀಲಿಸಿತು. ಸುಮಾರು ಮೂರರಲ್ಲಿ ಎರಡು ಸಾವುಗಳಲ್ಲಿ ಹತ್ತಿರದಲ್ಲೇ ಯಾರೋ ಇದ್ದರು. ಅವರಲ್ಲಿ ಹೆಚ್ಚಿನವರು ಏನೂ ಮಾಡಿರಲಿಲ್ಲ.

ಏನೂ ಮಾಡಲಿಲ್ಲ ಎಂದರೆ ಅವರು ಕಟುಕರೆಂದಲ್ಲ. ಓಪಿಯಾಯ್ಡ್ ಮೆದುಳಿನ ಬುಡದಲ್ಲಿ ಉಸಿರಾಟವನ್ನು ನಡೆಸುವ ಕೇಂದ್ರವನ್ನು ಮಂಕು ಮಾಡುತ್ತದೆ. ಉಸಿರು ನಿಧಾನವಾಗುತ್ತದೆ, ಗಂಟಲಿನಲ್ಲಿ ಗೊರಗೊರ ಸದ್ದು ಬರುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ತುಟಿ ಉಗುರು ನೀಲಿಗಟ್ಟುತ್ತವೆ. ನೋಡಿದವರಿಗೆ ಗೊರಕೆ ಹೊಡೆದು ಮಲಗಿದಂತೆಯೇ ಕಾಣುತ್ತದೆ. ಮಲಗಲಿ ಪಾಪ ಎಂದು ಬಾಗಿಲು ಎಳೆದುಕೊಂಡು ಹೋಗುತ್ತಾರೆ. ನಲಾಕ್ಸೋನ್ ಎಂಬ ಮದ್ದನ್ನು ಮೂಗಿನ ಹೊಳ್ಳೆಗೆ ಸಿಂಪಡಿಸಿದರೆ ಎರಡು ಮೂರು ನಿಮಿಷದಲ್ಲಿ ಉಸಿರು ಮರಳಬಹುದು, ಬಾರದಿದ್ದರೆ ಇನ್ನೊಮ್ಮೆ ಸಿಂಪಡಿಸಬೇಕು. ಓಪಿಯಾಯ್ಡ್ ತೆಗೆದುಕೊಳ್ಳದವರಿಗೆ ಅದರಿಂದ ಕೆಡುಕಿಲ್ಲ.

2022ರ ಸೆಪ್ಟೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನ ಹೈಸ್ಕೂಲೊಂದರ ಶೌಚಾಲಯದಲ್ಲಿ 15 ವರ್ಷದ ವಿದ್ಯಾರ್ಥಿನಿ ಇಂಥ ಮಾತ್ರೆಯಿಂದ ಸತ್ತಳು. ಅದೇ ತಿಂಗಳು ಅಲ್ಲಿನ ಶಿಕ್ಷಣ ಇಲಾಖೆ ತನ್ನ ಎಲ್ಲ ಶಾಲೆಗಳಲ್ಲೂ ನಲಾಕ್ಸೋನ್ ಇಡುವುದಾಗಿ ಘೋಷಿಸಿತು. ಡೇರ್ ಹುಟ್ಟಿದ ಊರು ಅದು. ಒರೆಗಾನ್ ರಾಜ್ಯದ ಬೀವರ್ಟನ್ ಶಾಲೆಗಳು ತಮ್ಮದೇ ವಿದ್ಯಾರ್ಥಿಗಳನ್ನು ಕಳೆದುಕೊಂಡ ಮೇಲೆ ನಕಲಿ ಮಾತ್ರೆಯ ಬಗ್ಗೆ ‘ಫೇಕ್ ಅಂಡ್ ಫೇಟಲ್’ ಎಂಬ ಪಾಠವನ್ನು ತಾವೇ ಬರೆದುಕೊಂಡವು. ಟೆಕ್ಸಾಸ್ 2023ರಲ್ಲಿ ಆರನೆಯ ತರಗತಿಯಿಂದ ಹನ್ನೆರಡರವರೆಗೆ ಪ್ರತಿವರ್ಷ ಫೆಂಟನಿಲ್ ಕುರಿತ ಪಾಠವನ್ನು ಕಡ್ಡಾಯ ಮಾಡಿತು. ಬಳಸಬೇಡ ಎನ್ನುವುದರ ಜೊತೆಗೆ, ಬಳಸಿದವನು ಕುಸಿದರೆ ಅವನನ್ನು ಉಳಿಸು ಎಂಬುದೂ ಶಾಲೆಯ ಪಾಠವಾಯಿತು. ಇದು ಮಕ್ಕಳಿಗೆ ಸಲಿಗೆ ಕೊಟ್ಟಂತಲ್ಲವೇ ಎಂದು ಕೇಳುವವರಿದ್ದಾರೆ. ಸತ್ತ ಮಗುವಿಗೆ ಯಾವ ನೀತಿಯನ್ನೂ ಕಲಿಸಲಾಗದು ಎಂಬುದೇ ನನ್ನ ಉತ್ತರ.

ನಮ್ಮ ನಾಡಿನ ಸ್ಥಿತಿ ಬೇರೆ. ನಕಲಿ ಫೆಂಟನಿಲ್ ಮಾತ್ರೆಗಳ ಹಾವಳಿ ಇಲ್ಲಿ ಅಮೆರಿಕದಂತಿಲ್ಲ. ನಲಾಕ್ಸೋನ್ ನಮ್ಮಲ್ಲಿ ಮುಖ್ಯವಾಗಿ ಆಸ್ಪತ್ರೆಯ ಚುಚ್ಚುಮದ್ದು. ನಮ್ಮ ಚಿಂತೆ ಟ್ರಮಡಾಲ್, ಟ್ಯಾಪೆಂಟಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್. ಟ್ರಮಡಾಲನ್ನು 2018ರಲ್ಲಿ ಮಾದಕ ವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ ಕೆಳಗೆ ತಂದರು. ಟ್ಯಾಪೆಂಟಡಾಲ್ ಮಾತ್ರೆಗಳನ್ನು ಬೆಂಗಳೂರಿನ ಪೊಲೀಸರು ವಶಪಡಿಸಿಕೊಂಡ ಸುದ್ದಿಯನ್ನು ನೀವೂ ಓದಿರುತ್ತೀರಿ. ಅದನ್ನು ಪುಡಿಮಾಡಿ ನೀರಿನಲ್ಲಿ ಕದಡಿ ಸೂಜಿಯಲ್ಲಿ ಚುಚ್ಚಿಕೊಳ್ಳುವವರಿದ್ದಾರೆ. ಅಲ್ಲಿಂದ ಮುಂದೆ ಹೆಪಟೈಟಿಸ್, ಎಚ್‌ಐವಿ. ಹೀಗಿದ್ದರೂ ಗೊರಕೆಯ ಸದ್ದು ಏನು ಹೇಳುತ್ತದೆ, ಮಗ್ಗುಲಿಗೆ ಹೊರಳಿಸಿ 108ಕ್ಕೆ ಕರೆ ಮಾಡಬೇಕು ಎಂಬುದನ್ನು ನಮ್ಮ ಮಕ್ಕಳಿಗೆ ಕಲಿಸಲು ಮೂಗಿನ ಸ್ಪ್ರೇ ಬರುವವರೆಗೆ ಕಾಯಬೇಕಾಗಿಲ್ಲ.

ಪಠ್ಯದಲ್ಲಿ ಈ ವಿಷಯ ಇಲ್ಲ ಎನ್ನುವ ಹಾಗಿಲ್ಲ. ದ್ವಿತೀಯ ಪಿಯುಸಿಯ ಜೀವಶಾಸ್ತ್ರದಲ್ಲಿ ಓಪಿಯಾಯ್ಡ್‌ಗಳು ನರಮಂಡಲದ ಗ್ರಾಹಕಗಳಿಗೆ ಅಂಟಿಕೊಳ್ಳುವ ಬಗೆಯನ್ನು ಬರೆದಿದ್ದಾರೆ. ಆದರೆ ಅದು ವಿಜ್ಞಾನ ತೆಗೆದುಕೊಂಡವರಿಗೆ, ಅದೂ ಹದಿನೇಳು ದಾಟಿದ ಮೇಲೆ. ಎಸ್ಸೆಸ್ಸೆಲ್ಸಿಗೇ ಓದು ಬಿಟ್ಟ ಹುಡುಗ ಆ ಪುಟ ತಲುಪುವುದೇ ಇಲ್ಲ. ಹತ್ತನೆಯ ತರಗತಿಯಲ್ಲಿ ನರಮಂಡಲದ ಪಾಠ ಮಾಡುವಾಗಲೇ, ಉಸಿರಾಟ ಯಾರ ಅಪ್ಪಣೆಯಲ್ಲಿ ನಡೆಯುತ್ತದೆ ಎಂದು ಹೇಳುವ ಆ ಹೊತ್ತಿನಲ್ಲೇ, ಹತ್ತು ನಿಮಿಷ ಈ ಮಾತಿಗೆ ಕೊಡಬಹುದು. ಯಾರ ಅನುಮತಿಯೂ ಬೇಕಿಲ್ಲ.

ಬಾಟ್ವಿನ್ ರೂಪಿಸಿದಂಥ ಜೀವನ ಕೌಶಲದ ಪಾಠವೂ ನಮಗೆ ಹೊರಗಿನದಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್ ಪ್ರೌಢಶಾಲೆಗಳಿಗಾಗಿ ಅದನ್ನು ರೂಪಿಸಿ, ಶಿಕ್ಷಕರಿಗೆ ತರಬೇತಿ ಕೊಟ್ಟು ನಡೆಸಿದರು. ಒಂದು ವರ್ಷ ಅದರಲ್ಲಿ ಕಲಿತ 605 ಮಕ್ಕಳನ್ನು, ಕಲಿಯದ 423 ಮಕ್ಕಳ ಜೊತೆ ಹೋಲಿಸಿ ನೋಡಿದರು. ಆತ್ಮಗೌರವ, ಕಷ್ಟ ಎದುರಿಸುವ ಶಕ್ತಿ, ಶಿಕ್ಷಕರೊಂದಿಗೆ ಹೊಂದಿಕೊಳ್ಳುವುದು ಎಲ್ಲವೂ ಉತ್ತಮವಾಗಿತ್ತು. ಮನೆಯವರೊಂದಿಗೆ, ಓರಗೆಯವರೊಂದಿಗೆ ಹೊಂದಿಕೊಳ್ಳುವುದರಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಅಯೋವದವರು ಸಂಜೆಯ ಕೂಟಕ್ಕೆ ಮನೆಯವರನ್ನು ಕರೆತಂದದ್ದೇಕೆ ಎಂಬುದು ಇಲ್ಲಿ ಅರ್ಥವಾಗುತ್ತದೆ. ಶಾಲೆಯೊಂದೇ ಹೊರಲಾರದ ಭಾರ ಇದು. ಶಾಲಾಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ ಸಭೆಯಲ್ಲಿ ಕಾಂಪೌಂಡು, ಬಿಸಿಯೂಟದ ಮಾತು ಮುಗಿದ ಮೇಲೆ ಅರ್ಧ ಗಂಟೆ ಇದಕ್ಕೂ ಇರಲಿ: ಉಳಿದ ಮಾತ್ರೆಯನ್ನು ಎಲ್ಲಿಡುತ್ತೀರಿ, ಎಣಿಸಿ ಇಟ್ಟಿದ್ದೀರಾ, ಬೇಡವಾದದ್ದನ್ನು ಏನು ಮಾಡಿದಿರಿ?

ಎಚ್ಚರಿಕೆಯಿಂದ ಆಡಬೇಕಾದ ಮಾತೊಂದಿದೆ. ಓಪಿಯಾಯ್ಡ್ ಎಂದರೆ ವಿಷ ಎಂದಷ್ಟೇ ಕಲಿಸಿದರೆ ಅದರ ಪೆಟ್ಟು ಬೀಳುವುದು ಕ್ಯಾನ್ಸರ್‌ನಿಂದ ನರಳುವ ಅಜ್ಜಿಯ ಮೇಲೆ. 1985ರ ಎನ್‌ಡಿಪಿಎಸ್ ಕಾಯ್ದೆಯ ಬಿಗಿಯಿಂದ ಈ ದೇಶದಲ್ಲಿ ರೋಗಿಗಳಿಗೆ ಮಾರ್ಫಿನ್ ಸಿಗದೆ ಹೋದ ವರ್ಷಗಳಿವೆ. 2014ರ ತಿದ್ದುಪಡಿ ಆ ಬಾಗಿಲನ್ನು ಸ್ವಲ್ಪ ತೆರೆಯಿತು. ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯಿಂದ ತಂದ ಮಾರ್ಫಿನ್ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಅಜ್ಜಿಗೆ ಕೊಡುವ ಮೊಮ್ಮಗಳು ತಪ್ಪು ಮಾಡುತ್ತಿಲ್ಲ, ಸೇವೆ ಮಾಡುತ್ತಿದ್ದಾಳೆ. ಯಾರಿಗೆ, ಯಾವ ನೋವಿಗೆ, ಯಾರ ಚೀಟಿಯ ಮೇಲೆ, ಎಷ್ಟು ದಿನ ಎಂಬ ನಾಲ್ಕು ಪ್ರಶ್ನೆಗಳನ್ನು ಅವಳು ಕೇಳಲು ಕಲಿತರೆ ಮಾತ್ರೆ ಔಷಧವಾಗಿ ಉಳಿಯುತ್ತದೆ.

ಇನ್ನು ಕೊನೆಯ ವಿಷಯ. ಶಿಕ್ಷಕರ ಸಭೆಗಳಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಕೇಳುವ ಪ್ರಶ್ನೆ: ‘ಪಾಠ ಮಾಡಿದ ಮೇಲೆ ಒಬ್ಬ ಹುಡುಗ ಬಂದು, ಸರ್, ನಾನು ತಗೊಳ್ತಿದ್ದೀನಿ ಎಂದರೆ ಏನು ಮಾಡುವುದು?’ ಸಾಮಾನ್ಯವಾಗಿ ಆಗುವುದು ಇಷ್ಟು: ಹೆಡ್‌ಮಾಸ್ಟರಿಗೆ ವರದಿ, ತಂದೆಗೆ ಫೋನು, ಹುಡುಗನಿಗೆ ಏಟು, ವಾರದೊಳಗೆ ಟಿಸಿ. ಶಾಲೆಯ ಹೆಸರು ಉಳಿಯುತ್ತದೆ. ಹುಡುಗ ಹಗಲೆಲ್ಲ ಬೀದಿಯಲ್ಲಿರುತ್ತಾನೆ. ಆ ಸುದ್ದಿ ಕೇಳಿದ ಬೇರೆ ಯಾವ ಮಗುವೂ ಮುಂದೆ ಬಾಯಿ ಬಿಡುವುದಿಲ್ಲ. ಮೂರು ವರ್ಷದ ಪಾಠ ಆ ಒಂದು ಟಿಸಿಯಲ್ಲಿ ಕೊಚ್ಚಿಹೋಗುತ್ತದೆ.

ಅದರ ಬದಲು ಅವನನ್ನು ಕೂರಿಸಿ, ಹೇಳಿದ್ದು ಒಳ್ಳೆಯದಾಯಿತು ಎಂದು ಮೊದಲು ಹೇಳಿ. ಯಾವ ಮಾತ್ರೆ, ಎಷ್ಟು ದಿನದಿಂದ, ಸೂಜಿ ಬಳಸಿದ್ದಾನೆಯೇ ಎಂದು ಕೇಳಿ. ಬಿಟ್ಟಾಗ ಮೈಕೈ ನೋವು, ಮೂಗು ಸೋರುವುದು, ನಿದ್ದೆ ಬಾರದಿರುವುದು ಇದ್ದರೆ ದೇಹ ಅದಕ್ಕೆ ಒಗ್ಗಿದೆ ಎಂದು ಅರ್ಥ. ಗದರಿಸಿ ಒಂದೇ ದಿನದಲ್ಲಿ ಬಿಡಿಸುವ ವಿಷಯ ಅದಲ್ಲ, ವೈದ್ಯರು ಬೇಕು. ಟೆಲಿ ಮಾನಸ್‌ನ 14416ಕ್ಕೆ ಅಥವಾ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಅವನ ಎದುರಿನಲ್ಲೇ ಕರೆ ಮಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ತಾವಾಗಿ ಚಿಕಿತ್ಸೆಗೆ ಬಂದ ವ್ಯಸನಿಗಳಿಗೆ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ ಎಂಬುದನ್ನು ಅವನ ತಂದೆಗೆ ತಿಳಿಸಿ; ಎಷ್ಟೋ ತಂದೆಯರು ಆಸ್ಪತ್ರೆಯ ಮೆಟ್ಟಿಲು ಹತ್ತದಿರುವುದು ಪೊಲೀಸರ ಹೆದರಿಕೆಯಿಂದ. ತಂದೆ ಹೊಡೆಯುವವನಾಗಿದ್ದರೆ ಮೊದಲು ತಾಯಿಯನ್ನೋ ಸೋದರಮಾವನನ್ನೋ ಕರೆಸಿ. ಅವನ ಹೆಸರು ಸ್ಟಾಫ್ ರೂಮಿನಲ್ಲಿ ಚಹಾದ ಹೊತ್ತಿನ ಮಾತಾಗದಂತೆ ನೋಡಿಕೊಳ್ಳಿ. ಮತ್ತು ಜೂನ್‌ನಲ್ಲಿ ಶಾಲೆ ತೆರೆದ ವಾರವೇ, ಯಾರೂ ಸಿಕ್ಕಿಬೀಳುವ ಮೊದಲೇ, ಎಲ್ಲ ತರಗತಿಗಳಿಗೂ ಹೋಗಿ ಹೇಳಿ: ತಾನಾಗಿ ಬಂದು ಹೇಳಿದ ಯಾವ ವಿದ್ಯಾರ್ಥಿಗೂ ಈ ಶಾಲೆ ಟಿಸಿ ಕೊಡುವುದಿಲ್ಲ. ಎಸ್‌ಡಿಎಂಸಿಯಲ್ಲಿ ಅದನ್ನು ನಿರ್ಣಯವಾಗಿ ಬರೆಸಿ, ನೋಟಿಸ್ ಬೋರ್ಡಿಗೂ ಹಚ್ಚಿ.